ಎಣ್ಣೆಗೆ ಬಿಡದ ಕೆಂಪು

ಪಾಣೆಮಂಗಳೂರಿನ ಹೊಳೆಬದಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸೇಸಮ್ಮ ಗಂಟು ಬಿಚ್ಚುತ್ತಾರೆ. ಬೆವರು, ತೆಂಗಿನೆಣ್ಣೆ, ಮುಖದ ಬಣ್ಣ, ಎಲ್ಲ ಸೇರಿದ ವಾಸನೆ ಏಳುತ್ತದೆ. ಬಣ್ಣ ಹತ್ತಿದ ಬಟ್ಟೆಗಳನ್ನೆಲ್ಲ ಒಂದು ಕಡೆ ರಾಶಿ ಹಾಕಿ, ಕಲೆ ಇದ್ದಲ್ಲಿ ಎಣ್ಣೆ ಸವರಿ ತಿಕ್ಕುತ್ತಾರೆ. ಮುಖ ಒರೆಸುವ ಒಂದು ಬೈರಾಸನ್ನು ಮಾತ್ರ ಬೇರೆ ಇಡುತ್ತಾರೆ. ಅದಕ್ಕೆ ಎಣ್ಣೆ ಮುಟ್ಟಿಸುವುದಿಲ್ಲ. ತಣ್ಣೀರಿಗೆ ಬಿಟ್ಟು, ಮುಖ ಆಚೆ ತಿರುಗಿಸಿ ಹಿಂಡುತ್ತಾರೆ. ಬಟ್ಟೆ ಒಗೆಯುವಾಗ ಹಳೆಯ ಆಟದ ಪದ ಗುನುಗುವ ಬಾಯಿ, ಈಚೆಗೆ ಈ ಕಲ್ಲಿನ ಮೇಲೆ ತೆರೆಯುವುದೇ ಇಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸುತ್ತಮುತ್ತ ಮೇಳದ ಯಕ್ಷಗಾನದ ಆಟ ಇದ್ದಷ್ಟು ದಿನವೂ ವೇಷಧಾರಿಗಳ ಒಳಅಂಗಿ, ಕಚ್ಚೆ, ಬೈರಾಸುಗಳು ನಸುಕಿಗೇ ವ್ಯಾನಿನಲ್ಲಿ ಇಲ್ಲಿಗೆ ಬರುತ್ತವೆ, ಒಣಗಿ ಮಡಚಿಕೊಂಡು ಸಂಜೆ ಮರಳುತ್ತವೆ. ಜರಿಯ ಉಡುಪುಗಳು ಬಿಸಿಲಿಗಷ್ಟೇ, ಹೊಳೆಗಲ್ಲ. ರಂಗಸ್ಥಳದಲ್ಲಿ ಹೊಳೆಯುವುದನ್ನು ಜನ ನೋಡುತ್ತಾರೆ, ಅದರೊಳಗೆ ಒದ್ದೆಯಾಗುವುದು ಸೇಸಮ್ಮನ ಪಾಲು. ದಿನಕ್ಕೆ ಎರಡು ಗಂಟು, ಮಳೆಗಾಲ ಬಿಟ್ಟು. ಸೋಡಾ ಪುಡಿಗೆ ಬೆರಳ ಸಂದಿ ಒಡೆದಿದೆ. ಕೂತರೆ ಏಳಲು ಮೊಣಕಾಲು ಬಿಡುವುದಿಲ್ಲ.

ಈ ಕೆಲಸಕ್ಕೆ ಅವರನ್ನು ತಂದದ್ದು ಆಟದ ಮರುಳು. ಗಂಡ ಡೊಂಬಯ್ಯ ಮೇಳದ ಪೆಟ್ಟಿಗೆ ಹೊರುತ್ತಿದ್ದವರು. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಬಂಟ್ವಾಳದ ಟಾಕೀಸಿಗೆ ಕರೆದುಕೊಂಡು ಹೋಗಿದ್ದರು. ಪಿಕ್ಚರಿನಲ್ಲಿ ನಾಯಕ ಸತ್ತ. ಸೇಸಮ್ಮನ ಅಳು ನಿಲ್ಲಲಿಲ್ಲ. "ಅಳಬೇಡ ಮಾರಾಯ್ತಿ, ಬರುವ ತಿಂಗಳು ಇದೇ ಟಾಕೀಸಿಗೆ ಬೇರೆ ಅಂಗಿ ಹಾಕಿ ಬರ್ತಾನೆ" ಎಂದು ಡೊಂಬಯ್ಯ ನಗಾಡಿದ್ದರಂತೆ. ಅವನು ಬಂದೇ ಬಂದ. ಅಂದಿನಿಂದ ಸೇಸಮ್ಮ ಅದನ್ನೊಂದು ನಂಬಿಕೆ ಮಾಡಿಕೊಂಡರು. ಆಟದಲ್ಲಿ ಸತ್ತವರು ಸಾಯುವುದಿಲ್ಲ. ಬೆಳ್ತಂಗಡಿಯಲ್ಲಿ ಬಿದ್ದವನು ಮರುದಿನ ಮೂಡುಬಿದಿರೆಯಲ್ಲಿ ಗೆಜ್ಜೆ ಕಟ್ಟಿಯೇ ಕಟ್ಟುತ್ತಾನೆ.

ಹಾಗೆ ನೂರಾರು ಸಲ ಸತ್ತು ಎದ್ದವರಲ್ಲಿ ಅವರಿಗೆ ಅಚ್ಚುಮೆಚ್ಚು ಒಬ್ಬ ಪುಂಡುವೇಷದವರು. ಚಿಕ್ಕ ಪ್ರಾಯದ ವೀರರ ವೇಷ ಅವರದ್ದು. ಅವರ ಹೆಸರು ಪೇಪರಿನಲ್ಲಿ ಬೇಡ ಎಂದು ಸೇಸಮ್ಮ ಕೇಳಿಕೊಂಡಿದ್ದಾರೆ. ವೇಷ ಕಟ್ಟುವ ಎಲ್ಲರನ್ನೂ ಕರೆಯುವ ಹಾಗೆ ಅವರನ್ನೂ ತುಳುವಿನಲ್ಲಿ 'ಅಣ್ಣೆರ್', ಅಂದರೆ ಅಣ್ಣ ಎನ್ನುತ್ತಾರೆ, ವಯಸ್ಸಿನಲ್ಲಿ ತಮಗಿಂತ ಸಣ್ಣವರಾದರೂ. ಮೊದಲು ನೋಡಿದ್ದು ನಾರಾವಿಯ ಗದ್ದೆಯಲ್ಲಿ, ಚಾಪೆಯ ಮೇಲೆ ಕೂತು. ಅಣ್ಣೆರ್ ದಿಗಿಣ ಹಾಕುತ್ತ ಸುತ್ತಿ ಸುತ್ತಿ ಹಾರುವಾಗ ಕಾಲಿನ ಗೆಜ್ಜೆಯೊಂದು ಕಿತ್ತು ಸೇಸಮ್ಮನ ಮಡಿಲಿಗೆ ಬಿತ್ತು. ಆಟ ಮುಗಿದ ಮೇಲೆ ಅರ್ಧ ಬಣ್ಣ ಒರೆಸಿದ ಮುಖದಲ್ಲೇ ಹುಡುಕಿಕೊಂಡು ಬಂದರು. "ಕೊಡದೆ ಇಟ್ಟುಕೊಳ್ಳಬೇಕು ಅಂತ ಆಸೆ ಇತ್ತು. ಮರುದಿನ ಕುಣಿಯಬೇಕಲ್ಲ, ಕೊಟ್ಟೆ" ಎನ್ನುತ್ತಾರೆ ಸೇಸಮ್ಮ.

ಈ ಸಲದ ತಿರುಗಾಟ ಶುರುವಾದ ಮೇಲೆ ಅಣ್ಣೆರ ಬಿಳಿ ಬೈರಾಸಿನಲ್ಲಿ ಕೆಂಪು ಕಾಣತೊಡಗಿತು. ವೇಷ ಕಟ್ಟುವ ಚೌಕಿಯಲ್ಲಿ ಕೆಂಪೆಂದರೆ ತುಟಿಗೂ ಕೆನ್ನೆಗೂ ಹಚ್ಚುವ ಇಂಗಳೀಕ. ಎಣ್ಣೆಯಲ್ಲಿ ಕಲಸಿದ ಬಣ್ಣ ಎಣ್ಣೆಗೇ ಬಿಡುತ್ತದೆ, ನೀರಿಗೆ ಜಪ್ಪಯ್ಯ ಎಂದರೂ ಬಿಡುವುದಿಲ್ಲ. ಸೇಸಮ್ಮ ಎಣ್ಣೆ ಹಾಕಿ ತಿಕ್ಕಿದರು. ಹೋಗಲಿಲ್ಲ. ಸೋಪು ಹಾಕಿದರು. ಕಂದು ನೆರಳೊಂದು ಉಳಿಯಿತು. ಬಂಟ್ವಾಳದಲ್ಲಿ ಆಟವಿದ್ದ ದಿನ ಅಣ್ಣೆರ್ ಸಿಕ್ಕಾಗ ತಮಾಷೆಯೂ ಮಾಡಿದರು: "ಯಾವ ಅಂಗಡಿಯ ಬಣ್ಣ ಮಾರಾಯ್ರೆ ಇದು? ನನ್ನ ಕೈ ಸವೆಯುವುದು ಮಾತ್ರ ಬಾಕಿ."

ಅಣ್ಣೆರ್ ನಕ್ಕರು. "ಅಂಗಡಿ ಬದಲಿಸುವಾ, ಸೇಸಮ್ಮ."

ಮುಂದಿನ ಗಂಟಿನಿಂದ ಅವರ ಬೈರಾಸು ಕೆಂಪು ಬಣ್ಣದ್ದು ಬಂತು. ಪಾಪ, ತನ್ನ ಕಷ್ಟ ನೋಡಿ ಬದಲಿಸಿದರು ಎಂದೇ ಸೇಸಮ್ಮ ಖುಷಿಪಟ್ಟರು.

ಹೋದ ತಿಂಗಳು ಒಂದು ಬೆಳಿಗ್ಗೆ ಎಣ್ಣೆಯ ಬಾಟ್ಲಿ ಖಾಲಿಯಾಗಿತ್ತು. ಹೇಗೂ ಆಗಲಿ ಎಂದು ಆ ಬೈರಾಸನ್ನು ನೀರಿಗೆ ಅದ್ದಿದರು. ಗಟ್ಟಿಯಾಗಿದ್ದ ಒಂದು ಮೂಲೆಯಿಂದ ಕೆಂಪು ಸಲೀಸಾಗಿ ಬಿಟ್ಟು, ನೂಲಿನ ಹಾಗೆ ನೀರಿನಲ್ಲಿ ಇಳಿಯಿತು. ಬಟ್ಟೆಯ ಬಣ್ಣ ಬಿಡುವುದು ಯಾವಾಗಲೋ ನಿಂತಿತ್ತು. ಇಂಗಳೀಕಕ್ಕೆ ನೀರು ತಾಗದು. ಸೇಸಮ್ಮ ಬೈರಾಸನ್ನು ಮೂಗಿನ ಹತ್ತಿರ ತಂದರು. ಮೀನು ಕೊಯ್ದ ಕೈಯ ವಾಸನೆ.

"ಕಾಲು ನೀರಲ್ಲೇ ಉಂಟು, ಆದರೆ ನೀರು ಉಂಟು ಅಂತ ಗೊತ್ತಾಗುವುದಿಲ್ಲ. ಹಾಗೆ ಆಯಿತು ನನಗೆ" ಎನ್ನುತ್ತಾರೆ. ಬೈರಾಸು ಕೈ ಬಿಟ್ಟು ಹೋಗುತ್ತಿದ್ದದ್ದೂ ತಿಳಿಯಲಿಲ್ಲ. ಕೆಳಗಿನ ಕಲ್ಲಿನಲ್ಲಿ ಒಗೆಯುತ್ತಿದ್ದ ಖದೀಜ ಹಿಡಿದು ತಂದುಕೊಟ್ಟರು. ರಕ್ತ ಕಂಡದ್ದಕ್ಕಿಂತ ದೊಡ್ಡ ಪೆಟ್ಟು ಬೇರೆಯೇ ಇತ್ತು. ಕೆಂಪು ಬೈರಾಸು ಯಾಕೆ ಬಂತು ಎಂಬುದು ಅಲ್ಲೇ, ಆ ಕಲ್ಲಿನ ಮೇಲೆಯೇ ಹೊಳೆದದ್ದು. ಕೆಮ್ಮಿ ರಕ್ತ ಒರೆಸಿಕೊಳ್ಳುವ ಅಣ್ಣೆರಿಗೆ ಎಲ್ಲ ಗೊತ್ತಿದೆ. ಕುಣಿಯುತ್ತಲೂ ಇದ್ದಾರೆ.

ಮೇಳಕ್ಕೆ ಹೇಳಿದರೆ ವೇಷ ಇನ್ನೊಬ್ಬರಿಗೆ ಹೋಗುತ್ತದೆ. ಹೇಳದಿದ್ದರೆ? "ಪಿಕ್ಚರಿನವ ಎದ್ದು ಬಂದ ಹಾಗೆ ಇವರೂ ಬರ್ತಾರೆ ಅಂತ ಇಷ್ಟು ವರ್ಷ ಹೊಟ್ಟೆ ತಣ್ಣಗೆ ಇತ್ತು. ಈಗ ಅಣ್ಣೆರ್ ರಂಗಸ್ಥಳದಲ್ಲಿ ಬಿದ್ದರೆ ಜನ ಚಪ್ಪಾಳೆ ಹೊಡೀತಾರೆ. ನನಗೆ ಕಣ್ಣು ಬಿಡಲಿಕ್ಕೆ ಆಗುವುದಿಲ್ಲ." ಆಸ್ಪತ್ರೆಯಲ್ಲಿ ಕೆಲಸಕ್ಕಿರುವ ಸೊಸೆ ವಿಸ್ಮಿತಾಳಿಗೂ ಸೇಸಮ್ಮ ಯಾರದು ಎಂದು ಹೇಳಿಲ್ಲ. ಇಂಥ ಕೆಮ್ಮಿಗೆ ಮದ್ದು ಉಂಟಾ ಎಂದಷ್ಟೇ ಕೇಳಿದ್ದಾರೆ. ಬೇಗ ತೋರಿಸಿದರೆ ಉಂಟು, ತಡವಾದರೆ ಹೇಳಲಿಕ್ಕಾಗದು ಎಂದಿದ್ದಾಳೆ ಅವಳು.

ಶನಿವಾರ ಮೂಡುಬಿದಿರೆಯ ಹತ್ತಿರ ಆಟ. ಸಂಜೆ ಗಂಟು ಒಯ್ಯಲು ಬಂದ ವ್ಯಾನಿನ ಮುಂದಿನ ಸೀಟಿಗೆ ಸೇಸಮ್ಮ ತಾವೇ ಹತ್ತುತ್ತಾರೆ. "ಏನು ಸೇಸಮ್ಮ, ಇವತ್ತು ನಿಮ್ಮದೂ ವೇಷ ಉಂಟಾ?" ಎಂದು ಡ್ರೈವರ್ ಅಝೀಮ್ ಕೀಟಲೆ ಮಾಡುತ್ತಾನೆ. ಅವರು ನಗುವುದಿಲ್ಲ. ಮಡಿಲಲ್ಲಿ ಹೊಸ ಬೈರಾಸೊಂದಿದೆ. ಅಚ್ಚ ಬಿಳಿ.

ಚೌಕಿಯಲ್ಲಿ ವೇಷಧಾರಿಗಳು ಸಾಲಾಗಿ ಕೈಗನ್ನಡಿ ಹಿಡಿದು ಕೂತಿದ್ದಾರೆ. ಅಣ್ಣೆರ ಹುಬ್ಬು ತೀಡಿ ಆಗಿದೆ, ತುಟಿ ಇನ್ನೂ ಬರಿದು. ಸೇಸಮ್ಮ ಕೆಂಪು ಬೈರಾಸನ್ನು ಎತ್ತಿ ತಮ್ಮ ಹೆಗಲಿಗೆ ಹಾಕಿಕೊಳ್ಳುತ್ತಾರೆ. ಅದಿದ್ದ ಜಾಗದಲ್ಲಿ ಬಿಳಿಯದ್ದನ್ನು ಇಡುತ್ತಾರೆ. ಕನ್ನಡಿಯೊಳಗಿಂದ ಅಣ್ಣೆರ ಕಣ್ಣು ಮೊದಲು ಬೈರಾಸನ್ನು, ಆಮೇಲೆ ಅವರನ್ನು ನೋಡುತ್ತದೆ. ಬೆರಳು ಇಂಗಳೀಕದ ಬಟ್ಟಲಲ್ಲೇ ನಿಲ್ಲುತ್ತದೆ. ಹೊರಗೆ ಚೆಂಡೆ ಶುರುವಾಗುತ್ತದೆ. ಪಕ್ಕದವರು ತಮ್ಮ ತಮ್ಮ ಕನ್ನಡಿಗೆ ಬಾಗುತ್ತಾರೆ.

"ಅಣ್ಣೆರೇ, ನಾಳೆ ಬೆಳಿಗ್ಗೆ ನನ್ನೊಟ್ಟಿಗೆ ಆಸ್ಪತ್ರೆಗೆ ಬನ್ನಿ."

ಅಣ್ಣೆರ್ ಬೆರಳೆತ್ತಿ ಕೆಳತುಟಿಗೆ ಕೆಂಪು ಎಳೆಯುತ್ತಾರೆ. ತುಟಿಗೆ ಬಣ್ಣ ಹಚ್ಚುವಾಗ ಬಾಯಿ ತೆರೆಯುವಂತಿಲ್ಲ. ಸೇಸಮ್ಮ ಕಾಯುತ್ತ ನಿಂತಿದ್ದಾರೆ.