ವನಜಾಕ್ಷಮ್ಮನವರ ಕೆಳಮನೆ

ಮಧುಗಿರಿಯ ಬೆಟ್ಟದ ಬುಡದಲ್ಲಿರುವ ನಮ್ಮ ಬೀದಿಯಲ್ಲಿ ವನಜಾಕ್ಷಮ್ಮನವರದು ಇಕ್ಕಟ್ಟಾದ ಎರಡಂತಸ್ತಿನ ಮನೆ. ಬಸ್ ಕಂಡಕ್ಟರಾಗಿದ್ದ ಗಂಡ ರುದ್ರಯ್ಯನವರು ಜಾಗ ಸಾಲದೆ ಹೊರಗಡೆ ಕಡಿದಾದ ಕಬ್ಬಿಣದ ಮೆಟ್ಟಿಲು ಹಾಕಿಸಿದ್ದರು. ಅವರು ತೀರಿಕೊಂಡ ಮೇಲೆ ಈಕೆ ಕೆಳಮನೆಯನ್ನು ಬಾಡಿಗೆಗೆ ಕೊಟ್ಟು, ಮೇಲಿನ ಒಂದೇ ಕೋಣೆಯಲ್ಲಿ ರವಿಕೆ ಹೊಲಿಯುತ್ತ ಮಗಳು ಹರ್ಷಿತಾಳನ್ನು ಓದಿಸಿದರು, ಮದುವೆಯನ್ನೂ ಮಾಡಿದರು. ಬೀದಿಯ ಹೆಂಗಸರ ಅಳತೆಯೆಲ್ಲ ಅವರಿಗೆ ಬಾಯಿಪಾಠ.

ಈಗ ಹರ್ಷಿತಾಳಿಗೆ ಚೊಚ್ಚಲ ಹೆರಿಗೆ. ತವರಿಗೆ ಕರೆತರಬೇಕು. ಆ ಮೆಟ್ಟಿಲನ್ನು ತುಂಬು ಬಸುರಿ ಹತ್ತುವುದುಂಟೇ? ಕೆಳಮನೆಯೇ ಬೇಕು. ಬಾಡಿಗೆಗಿದ್ದ ಅಂಬರೀಶ್, ಅನುಷಾ ದಂಪತಿಗೆ ಯುಗಾದಿಗೆ ಮೊದಲೇ ಹೇಳಿದ್ದರು. ಅವರೂ ಒಪ್ಪಿದ್ದರು. ಬಿಡುತ್ತೇವೆಂದ ತಿಂಗಳು ಕಳೆಯಿತು, ಅವರು ಕದಲಲಿಲ್ಲ.

"ಅಂಬರೀಶಪ್ಪ, ಭಾನುವಾರ ಮಗಳು ಬತ್ತಾಳೆ. ಯಾವಾಗ ಬುಡ್ತೀಯ?"

"ಮನೆ ಸಿಕ್ತಿಲ್ಲ ಕಣಮ್ಮ."

"ಹಿಂದ್ಲ ಬೀದೀಲಿ ದೊಡ್ಡಹನುಮಯ್ಯನ ಮನೆ ಖಾಲಿ ಐತಲ್ಲ?"

"ಅದ್ರ ದಿಕ್ಕು ಸರಿಯಿಲ್ವಂತೆ."

"ನೀನು ದಿಕ್ಕು ನೋಡ್ತಾ ಕೂತ್ರೆ ನನ್ನ ಮಗಳೇನು ಬಸ್ ಸ್ಟ್ಯಾಂಡಲ್ಲಿ ಹೆರ್ಬೇಕಾ?"

ಆತ ಹೆಲ್ಮೆಟ್ ತೊಟ್ಟು ಹೊರಟೇಬಿಟ್ಟ. ವನಜಾಕ್ಷಮ್ಮನವರಿಗೆ ಹೊಲಿಗೆ ಯಂತ್ರದ ಮುಂದೆ ಕೂರಲಾಗಲಿಲ್ಲ. ರವಿಕೆಯ ತೋಳನ್ನು ಒಳಹೊರಗು ಮಾಡಿ ಹೊಲಿದು ಮತ್ತೆ ಬಿಚ್ಚಿದರು. ಅಷ್ಟರಲ್ಲಿ ಬೀಗಿತ್ತಿ ಮಂಜಮ್ಮನ ಫೋನು: "ಎಲ್ಲಾ ತಯಾರಾಯ್ತೇನ್ರೀ? ಜಾಗ ಇಲ್ಲಾಂದ್ರೆ ಹೇಳ್ಬುಡಿ, ನಾವೇ ಬಾಣಂತನ ಮಾಡ್ಕಂತೀವಿ."

ಆ ಮಾತು ನಾಟಿತು. ವನಜಾಕ್ಷಮ್ಮ ನೇರವಾಗಿ ತಾರಸಿಯ ನೀರಿನ ಟ್ಯಾಂಕಿನ ಬಳಿಗೆ ಹೋಗಿ, ವಾಲ್ವು ತಿರುಗಿಸಿ ಕೆಳಮನೆಗೆ ಇಳಿಯುವ ನೀರನ್ನು ನಿಲ್ಲಿಸಿದರು.

ಮರುದಿನ ಬೆಳಿಗ್ಗೆ ಮೇಲಿನಿಂದ ಬಗ್ಗಿ ನೋಡಿದರು. ಅಂಬರೀಶ್ ಬೀದಿಯ ನಲ್ಲಿಯಿಂದ ಎರಡೂ ಕೈಯಲ್ಲಿ ಕೊಡ ಹಿಡಿದು ನೀರು ತರುತ್ತಿದ್ದ. ಒಂದು ಲೋಟ ನೀರಿಗೂ ಹೆಂಡತಿಯನ್ನು ಕೂಗುತ್ತಿದ್ದವನು! ಅನುಷಾ ಖಾಲಿ ಕೊಡಕ್ಕೆ ಕೈಹಾಕಿದಳು. ಆತ ಅದನ್ನೂ ಕಿತ್ತುಕೊಂಡು, ಗದರಿಸಿ, ಅವಳನ್ನು ಹೊಸ್ತಿಲ ಒಳಗೆ ಕೂರಿಸಿದ.

ವನಜಾಕ್ಷಮ್ಮ ಗಾಬರಿಯಿಂದ ನೀರು ಬಿಟ್ಟು, ದಡದಡನೆ ಇಳಿದುಬಂದರು.

"ಎಷ್ಟು ತಿಂಗ್ಳೇ?"

ಅನುಷಾ ಗಂಡನ ಮುಖ ನೋಡಿದಳು. "ಎರಡು ಕಣಮ್ಮ. ಮೂರು ತುಂಬೋಗಂಟ ಯಾರ್ಗೂ ಹೇಳ್ಬ್ಯಾಡಿ ಅಂದವ್ರೆ ನಮ್ಮತ್ತೆ. ಬಸುರೀಲಿ ಮನೆ ಬದಲಾಯಿಸ್ಬಾರ್ದಂತೆ."

"ಅಂತೆ ಏನು ಬಂತು, ಬದಲಾಯಿಸ್ಬಾರ್ದು! ಒಬ್ಳು ಬಸುರೀನ ಎಬ್ಬಿಸಿ, ಅದೇ ಜಾಗದಾಗೆ ನನ್ನ ಮಗಳ್ನ ಮಲಗಿಸ್ಲಾ? ಒಳ್ಳೇದಾದಾತಾ?"

"ಅಂಗಾರೆ ಹರ್ಷಿತಕ್ಕ?" ಎಂದ ಅಂಬರೀಶ್.

ವನಜಾಕ್ಷಮ್ಮ ನಡುಮನೆಯಲ್ಲಿ ಅತ್ತಿಂದಿತ್ತ ಓಡಾಡಿದರು. ಕೋಣೆಗೊಮ್ಮೆ, ಅಡುಗೆಮನೆಗೊಮ್ಮೆ ಇಣುಕಿದರು. ಕೊನೆಗೆ, "ಕೋಣೆ ಅವ್ಳಿಗೆ ಬುಟ್ಕೊಡಿ. ನೀವಿಬ್ರೂ ನಡುಮನೇಲಿರಿ. ಒಲೆ ಮಾತ್ರ ನಂದು, ನಾನು ಮಾಡಿದ್ದೇ ಉಣ್ಬೇಕು" ಎಂದರು.

ಭಾನುವಾರ ಹರ್ಷಿತಾಳನ್ನು ಕರೆತಂದ ಮಂಜಮ್ಮ, ನಡುಮನೆಯ ಮಂಚದ ಮೇಲೆ ಕೂತಿದ್ದ ಅನುಷಾಳನ್ನು ಕಂಡು ಹುಬ್ಬೇರಿಸಿದರು.

"ಇದೇನ್ರೀ, ಬಾಣಂತನ ಮಾಡೋ ಮನೇಲಿ ಬಾಡಿಗೆಯವ್ರು?"

ಅನುಷಾಳಿಗೆ ಇನ್ನೂ ಮೂರು ತಿಂಗಳು ತುಂಬಿಲ್ಲ, ಬಾಯಿಬಿಡುವಂತಿಲ್ಲ. "ಕೈಗೊಬ್ರು ಇರ್ಲಿ ಅಂತ ನಾನೇ ಇರ್ಸ್ಕಂಡಿದೀನಿ" ಎಂದರು ವನಜಾಕ್ಷಮ್ಮ.

"ಕೈಗಂತೆ! ಕೂತಲ್ಲಿಂದ ಎದ್ದೇ ಇಲ್ವಲ್ರೀ ಆಯಮ್ಮ."

ವನಜಾಕ್ಷಮ್ಮ ಮಗಳ ಬ್ಯಾಗುಗಳನ್ನು ತಾವೇ ಎತ್ತಿಕೊಂಡು ಕೋಣೆಯೊಳಕ್ಕೆ ನಡೆದರು.