ಅತ್ತೆ ಅಂಟಿಸಿದ ಚೀಟಿ

ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಅವಳು ಅತ್ತೆ. ಯಾರು ಏನೇ ಮಾಡಿಟ್ಟರೂ ಅದರಲ್ಲೊಂದು ಹುಳುಕು ತೆಗೆಯುವುದೇ ಅವಳ ಕೆಲಸ. ಸಂಬಳ ಕೊಡುತ್ತಿದ್ದದ್ದೂ ಅದಕ್ಕೇ. ಆಸ್ಪತ್ರೆಗಳಿಗೆ ಬೇಕಾದ ಸಾಫ್ಟ್‌ವೇರ್ ಬರೆಯುವ ಕಂಪನಿ ಅದು. ಹುಡುಗರು ಬರೆದದ್ದು ಅವಳ ಟೆಸ್ಟಿಂಗ್ ಮೇಜು ದಾಟದೆ ಹೊರಗೆ ಹೋಗುವಂತಿರಲಿಲ್ಲ. "ಅತ್ತೆ ಹೂಂ ಅಂದ್ರಾ?" ಎಂದು ಮ್ಯಾನೇಜರೂ ಕೇಳುತ್ತಿದ್ದ. ಆ ಒಂದು ಹೂಂಗೋಸ್ಕರ ಅವಳು ವರ್ಷಗಟ್ಟಲೆ ಕಣ್ಣು ಕೆಡಿಸಿಕೊಂಡಿದ್ದಳು.

ಮನೆಯಲ್ಲಿ ಅವಳ ಅಕ್ಕ ಹಾಸಿಗೆ ಹಿಡಿದಿದ್ದಳು. ಹಗಲು ನೋಡಿಕೊಳ್ಳುವ ಹೆಂಗಸು ಸಂಜೆಯಾಗುತ್ತಲೇ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದಳು. ಅಲ್ಲಿಂದ ತಂಗಿ ಬರುವ ತನಕ, ನೀರು ಬೇಕೆನಿಸಿದರೂ ಅಕ್ಕ ಲೋಟ ನೋಡುತ್ತ ಮಲಗಿರಬೇಕು. ಅತ್ತೆಗೆ ಬೇಕಾಗಿದ್ದದ್ದು ಇಷ್ಟೇ, ಮೇಜಿಗೆ ಇನ್ನೊಬ್ಬರು. ಕೇಳಿದಾಗಲೆಲ್ಲ ಮ್ಯಾನೇಜರ್ "ನೋಡೋಣ" ಎನ್ನುತ್ತಿದ್ದ. ನೋಡಿದ್ದಂತೂ ಇಲ್ಲ.

ಅಷ್ಟರಲ್ಲಿ ಅಜೈಲ್ ಎಂಬ ಹೊಸ ಕೆಲಸದ ಪದ್ಧತಿ ಬಂತು. ಅದನ್ನು ಕಲಿಸಲು ನಗುಮುಖದ ತರಬೇತುದಾರನೂ ಬಂದ. ಇನ್ನು ಮೇಲೆ ವರ್ಷದ ಕೆಲಸವನ್ನು ಎರಡೆರಡು ವಾರದ ತುಂಡು ಮಾಡಬೇಕಂತೆ. ದಿನಾ ಬೆಳಿಗ್ಗೆ ದುಂಡಗೆ ನಿಂತು ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀಯ, ಅಡ್ಡಿ ಏನಾದರೂ ಇದೆಯಾ ಎಂಬುದಕ್ಕೆ ಉತ್ತರ ಹೇಳಬೇಕಂತೆ. ಕೂತು ಮಾಡುವ ಕೆಲಸವನ್ನು ನಿಂತು ಹೇಳಿದರೆ ಬೇಗ ಮುಗಿಯುತ್ತದೆಯೆ? ಇರಲಿ, ಅದು ದೊಡ್ಡವರ ಲೆಕ್ಕ. ಅತ್ತೆ ದಿನಾ ನಿಂತಳು. ಅಡ್ಡಿ ಎಂದಾಗ "ಏನಿಲ್ಲ" ಎಂದಳು. ಅಕ್ಕನ ನೀರಿನ ಲೋಟದ ಸುದ್ದಿಯನ್ನು ಅಷ್ಟು ಜನರ ನಡುವೆ ಹೇಗೆ ಎತ್ತುವುದು?

ಮೊದಲ ತುಂಡು ಮುಗಿದಾಗ, ನಡೆದದ್ದನ್ನು ತಿರುಗಿ ನೋಡುವ ಸಭೆ. ತರಬೇತುದಾರ ಎಲ್ಲರ ಕೈಗೂ ಹಳದಿ ಚೀಟಿ ಕೊಟ್ಟ.

"ಕೆಲಸ ಎಲ್ಲಿ ನಿಂತು ಹೋಗ್ತಿದೆ? ಮನಸ್ಸು ಬಿಚ್ಚಿ ಬರೀರಿ. ಹೆಸರು ಹಾಕೋದು ಬೇಡ. ಇಲ್ಲಿ ಯಾರೂ ಯಾರನ್ನೂ ದೂರಲ್ಲ."

ಅತ್ತೆ ನಂಬಿದಳು. ಹುಳುಕು ಕಂಡರೆ ಮುಚ್ಚಿಡುವುದು ಅವಳ ಜಾಯಮಾನದಲ್ಲೇ ಇಲ್ಲ, ಅದು ತನ್ನದೇ ಆದರೂ. "ಟೆಸ್ಟಿಂಗ್ ಮೇಜಿನ ಮೇಲೆ ಕೆಲಸ ಗುಡ್ಡೆ ಬೀಳ್ತಿದೆ, ಒಬ್ಬರ ಕೈಲಿ ಆಗಲ್ಲ" ಎಂದು ಬರೆದು ಗೋಡೆಗೆ ಅಂಟಿಸಿದಳು. ಸದ್ಯ, ಇನ್ನಾದರೂ ಓದುತ್ತಾರಲ್ಲ ಎಂದು ಮನಸ್ಸು ಹಗುರಾಯಿತು.

ಉಳಿದವರ ಚೀಟಿಗಳೂ ಬಂದವು. "ಟೆಸ್ಟಿಂಗ್‌ಗೆ ಕಾಯೋದು." "ಟೆಸ್ಟಿಂಗ್." ಒಬ್ಬ ಪುಣ್ಯಾತ್ಮ "ಅತ್ತೆ" ಎಂದೇ ಬರೆದು ಪಕ್ಕದಲ್ಲೊಂದು ನಗುವ ಮುಖ ಬಿಡಿಸಿದ್ದ. ಆ ದುಂಡನೆಯ ಅಕ್ಷರ ಯಾರದೆಂದು ಅವಳಿಗೆ ಗೊತ್ತು. ಸೇರಿದ ಹೊಸತರಲ್ಲಿ ಅವನ ತಪ್ಪುಗಳನ್ನು ಮ್ಯಾನೇಜರ್ ಕಿವಿಗೆ ಬೀಳದ ಹಾಗೆ ತಿದ್ದಿಸಿದವಳು ಅವಳೇ. ತರಬೇತುದಾರ ಒಂದೇ ವಿಷಯದ ಚೀಟಿಗಳನ್ನೆಲ್ಲ ಕಿತ್ತು ಒಟ್ಟಿಗೆ ಗುಂಪು ಮಾಡಿದ. ಅವಳದೂ ಅದೇ ಗುಂಪಿಗೆ ಸೇರಿತು.

"ನೋಡಿ, ಎಲ್ಲರೂ ಒಂದೇ ಮಾತು ಹೇಳ್ತಿದ್ದಾರೆ. ಹಾಗಾದ್ರೆ ಆ ಹಂತನೇ ಯಾಕೆ ಬೇಕು? ಬರೆದವರೇ ಟೆಸ್ಟ್ ಮಾಡ್ಕೊಳ್ಳಲಿ."

"ನಾನು ಬರೆದಿದ್ದು ಆ ಅರ್ಥದಲ್ಲಿ ಅಲ್ಲ," ಎಂದಳು ಅತ್ತೆ.

"ಯಾವುದು ಯಾರದು ಅಂತ ಹೇಳೋ ಹಾಗಿಲ್ಲ ಮೇಡಂ. ಅದೇ ಇದರ ಚೆಂದ."

"ಒಪ್ಪಿಗೆ ಇದ್ದವರು ಕೈ ಎತ್ತಿ," ಎಂದ ತರಬೇತುದಾರ. ಎತ್ತಿದರು. ದುಂಡನೆಯ ಅಕ್ಷರದವನು ನೆಲ ನೋಡುತ್ತ ಎತ್ತಿದ. ಅವಳಿಗೆ ಸಿಟ್ಟು ಬರಲಿಲ್ಲ; ಅವಮಾನವಾಯಿತು.

ಕೆಲಸದಿಂದೇನೂ ತೆಗೆಯಲಿಲ್ಲ, ಅಷ್ಟು ಕೆಟ್ಟವರಲ್ಲ. "ನಿಮ್ಮ ಅನುಭವ ನಮಗೆ ಬೇಕು" ಎಂದರು, ಯಾವುದಕ್ಕೆ ಎಂದು ಹೇಳಲಿಲ್ಲ. ಕೆಲವೇ ದಿನಗಳಲ್ಲಿ ಮೇಜು ಬರಿದಾಯಿತು. ಬೆಳಿಗ್ಗೆ ದುಂಡಗೆ ನಿಂತಾಗ ಅವಳ ಸರದಿ. ನಿನ್ನೆ? ಏನಿಲ್ಲ. ಇವತ್ತು? ಏನಿಲ್ಲ. ಅಡ್ಡಿ? ಏನಿಲ್ಲ. "ಸೂಪರ್," ಎಂದು ತರಬೇತುದಾರ ಮುಂದಿನವನ ಕಡೆ ತಿರುಗಿದ.

ಅವತ್ತು ಬೆಳಕಿರುವಾಗಲೇ ಮನೆ ಮುಟ್ಟಿದಳು. ಹಗಲಿನ ಹೆಂಗಸು ಇನ್ನೂ ಹೊರಟಿರಲಿಲ್ಲ. ಅಕ್ಕನ ತಲೆ ಎತ್ತಿ ಹಿಡಿದು ನೀರು ಕುಡಿಸಿದಳು.

"ಕೊನೆಗೂ ಇನ್ನೊಬ್ಬರನ್ನ ಕೊಟ್ರೇನೇ?" ಎಂದು ಅಕ್ಕ ಕೇಳಿದಳು.

"ಹೂಂ."

"ಒಳ್ಳೇ ಜನ ಕಣೇ." ಅಕ್ಕ ತಂಗಿಯ ಕೈ ಹಿಡಿದುಕೊಂಡಳು. "ನಾಳೆನೂ ಹೀಗೇ ಬಾ."

"ಬರ್ತೀನಿ ಅಕ್ಕ," ಎಂದಳು.