ಬೀರುವಿನಲ್ಲಿ ನನ್ನ ಅಕ್ಷರ

ಆಯುಧಪೂಜೆಯ ದಿನ ನಮ್ಮ ಶಾಲೆಯವರು ನನ್ನ ಕೀಬೋರ್ಡಿಗೂ ಅರಿಶಿನ ಕುಂಕುಮ ಹಚ್ಚಿ ಸೇವಂತಿಗೆ ಮುಡಿಸಿದ್ದರು. ನನ್ನದೇ ಅದು, ದಾನಿಗಳಿಂದ ನನ್ನ ಹೆಸರಿಗೇ ಬಂದದ್ದು. ಹುಟ್ಟಿದಾಗಿನಿಂದ ನನ್ನ ಕೈ ನಡುಗುತ್ತದೆ, ಮಾತು ತೊದಲುತ್ತದೆ. ಪೆನ್ನು ಹಿಡಿದರೆ ಬರೀ ಗೀಚು. ದಪ್ಪ ದಪ್ಪ ಬಟನ್ನುಗಳ ಆ ಕೀಬೋರ್ಡನ್ನು ಟ್ಯಾಬಿಗೆ ಜೋಡಿಸಿಕೊಟ್ಟರೆ ಮಾತ್ರ ನಾನು ಬರೆಯಬಲ್ಲೆ.

ಪೂಜೆ ಮುಗಿದದ್ದೇ ಅದು ಹೆಡ್‌ಮಾಸ್ಟರ ಬೀರು ಸೇರಿತು. ವರ್ಷವಿಡೀ ಅದರ ವಾಸ ಅಲ್ಲೇ. "ಮುಟ್ಟಿ ಮುಟ್ಟಿ ಕೆಟ್ಟೋದ್ರೆ ಯಾರಮ್ಮಾ ಜವಾಬ್ದಾರಿ?" ಎನ್ನುತ್ತಿದ್ದರು. ದಾನಿಗಳು ರಾಬರ್ಟ್‌ಸನ್‌ಪೇಟೆಯ ನಮ್ಮ ಶಾಲೆಗೆ ಬಂದರೆ ಮಾತ್ರ ಅದನ್ನು ಒರೆಸಿ, ನನ್ನ ಮುಖವನ್ನೂ ಒರೆಸಿ, ಮುಂದೆ ಕೂರಿಸುವುದು. ನಾನು 'ಧನ್ಯವಾದಗಳು' ಎಂದು ಒತ್ತಬೇಕು, ಅವರು ಚಪ್ಪಾಳೆ ತಟ್ಟಬೇಕು. ಅಸಹ್ಯ!

ಹತ್ತನೇ ತರಗತಿಯ ಪರೀಕ್ಷೆ ಹತ್ತಿರವಾಯಿತು. ಕೀಬೋರ್ಡಿನಲ್ಲಿ ಬರೆಯಲು ಹೆಡ್‌ಮಾಸ್ಟರು ಅನುಮತಿ ತರಿಸಬೇಕಿತ್ತು. ತರಿಸಲಿಲ್ಲ. "ನೀನು ಹೇಳಿದ್ದನ್ನ ಬರೆಯೋಕೆ ಒಂಬತ್ತನೇ ಕ್ಲಾಸ್ ಹುಡುಗಿ ಇದ್ದಾಳಲ್ಲ, ಸುಮ್ನಿರು" ಎಂದರು. ಹುಡುಗಿ ಒಳ್ಳೆಯವಳೇ. ಆದರೆ ನನ್ನ ಮಾತು ಅವಳಿಗೆ ಅರ್ಧವೂ ತಿಳಿಯದು. ತಿಳಿಯದಿದ್ದಲ್ಲಿ ತನಗೆ ತೋಚಿದ್ದನ್ನು ತುಂಬುತ್ತಿದ್ದಳು.

ಆಮೇಲೆ ದಾನಿಗಳು ಬಂದಾಗ ನಾನು ಧನ್ಯವಾದ ಹೇಳಲಿಲ್ಲ. 'ಇದನ್ನು ಬೀರುವಿನಲ್ಲಿ ಇಡುತ್ತಾರೆ. ಪರೀಕ್ಷೆಗೆ ಕೊಡಿಸಿ' ಎಂದು ಬೆವರಿಳಿಸಿಕೊಂಡು ಒತ್ತಿದೆ. ಹೆಡ್‌ಮಾಸ್ಟರು ಬೋಂಡಾ ತಟ್ಟೆ ಹಿಡಿದು ಓಡಾಡುತ್ತಿದ್ದರು. ಉಳಿದವರ ಕಣ್ಣೆಲ್ಲ ನನ್ನ ನಡುಗುವ ಕೈಮೇಲೆ. ನಾನು ಕೈ ತೆಗೆದದ್ದೇ ತಡ, ಚಪ್ಪಾಳೆ! ಒಬ್ಬಾಕೆ ಕಣ್ಣೊರೆಸಿಕೊಂಡರು. ಟ್ಯಾಬಿನ ಸಮೇತ ನನ್ನ ಫೋಟೋ ತೆಗೆದು ಹೊರಟರು.

ಸಂಜೆ ಆ ಫೋಟೋ ಶಾಲೆಯ ವಾಟ್ಸಾಪ್ ಗುಂಪಿಗೆ ಬಂತು. ಕೆಳಗೆ ಸಾಲುಸಾಲು ಕೈಮುಗಿದ ಚಿತ್ರ. ಬೂದಿಕೋಟೆ ಕಡೆಯವಳಾದ ನನ್ನಮ್ಮ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದಳು.

"ಅಕ್ಷರ ಇಷ್ಟು ದೊಡ್ಡದಾಗಿ ಕಾಣ್ತೈತಲ್ಲೇ! ಒಬ್ರಾದ್ರೂ ಓದ್ಬಾರ್ದಾ? ಇವ್ರ ಬಾಯಿಗೆ ಮಣ್ಣಾಕ!"

ಮರುದಿನ ಅವಳು ಶಾಲೆಗೆ ಹೋಗಿ ಜಗಳವಾಡಿದಳು. "ನೋಡೋಣ" ಎಂದು ಕಳಿಸಿದರು.

ಪರೀಕ್ಷೆಗೆ ಆ ಹುಡುಗಿಯೇ ಬಂದಳು. ಪರಿಸರದ ಬಗ್ಗೆ ಪ್ರಬಂಧ ಕೇಳಿದ್ದರು. ಗಾಳಿ ಎದ್ದರೆ ಹಳೇ ಚಿನ್ನದ ಗಣಿಯ ಸೈನೈಡ್ ದಿಬ್ಬದ ಧೂಳು ಆಂಡರ್ಸನ್‌ಪೇಟೆಯ ನಮ್ಮ ಮನೆಯ ಅನ್ನಕ್ಕೆ ಬೀಳುವುದನ್ನು ನಾನು ಹೇಳಿದೆ, ಮತ್ತೆ ಹೇಳಿದೆ. ಅವಳು 'ಪರಿಸರ ನಮ್ಮೆಲ್ಲರ ತಾಯಿ' ಎಂದು ಬಾಯಿಪಾಠ ಮಾಡಿದ್ದನ್ನು ಮುದ್ದಾಗಿ ಬರೆದಳು. ಪಕ್ಕದಲ್ಲಿ ಕೂತು ನೋಡುತ್ತಾ ನನಗೆ ಅಳು ಬಂತು.

ಒಳ್ಳೆಯ ಅಂಕಗಳು ಬಂದವು. ಹೆಡ್‌ಮಾಸ್ಟರು ನನ್ನ ಬಾಯಿಗೆ ಪೇಡಾ ತುರುಕಿ, "ನೋಡ್ದಾ, ಆ ಮಿಷಿನ್ ಇಲ್ದೇನೇ ಎಷ್ಟ್ ಚೆನ್ನಾಗಿ ಬರ್ದಿದೀಯ!" ಎಂದರು.

ಥೂ ಎಂದು ಅವರ ಮೇಜಿನ ಮೇಲೇ ಉಗಿದೆ. ಬೇಕೆಂದೇ ಉಗಿದೆ.

"ಅಯ್ಯೋ ಪಾಪ, ನುಂಗೋಕೂ ಆಗಲ್ಲ ಇವ್ಳಿಗೆ" ಎನ್ನುತ್ತ ಅವರು ನನ್ನ ಬಾಯಿ ಒರೆಸಿದರು.